ಬಿಟ್ಟ ಸ್ಥಳ ತುಂಬುವ ವಿದ್ಯೆ

ಪ್ರಾಥಮಿಕ ಶಾಲೆಯ ಪ್ರಶ್ನಪತ್ರಿಕೆಯಲ್ಲಿ ‘ಬಿಟ್ಟ ಸ್ಥಳಗಳನ್ನು ತುಂಬಿರಿ’ ಎಂಬ ಪ್ರಶ್ನೆಯನ್ನು ಎದುರಿಸದೆ ಕಾಲೇಜಿನ ಮೆಟ್ಟಿಲು ಹತ್ತಿದವರು ನಮ್ಮಲ್ಲಿ ಯಾರೂ ಇರಲಾರರು. ಆ ಪ್ರಶ್ನೆಯಲ್ಲಿ ಒಂದು ನೆಮ್ಮದಿಯುಂಟು. ಬಿಟ್ಟುಹೋದ ಮಾತು ಯಾವುದೆಂಬುದು ಉಪಾಧ್ಯಾಯರಿಗೆ ಮೊದಲೇ ಗೊತ್ತಿರುತ್ತದೆ. ನಾವು ಬರೆದುದು ಸರಿಯೋ ತಪ್ಪೋ ಎಂಬುದು ಸಂಜೆಯೊಳಗೆ ಇತ್ಯರ್ಥವಾಗುತ್ತದೆ. ಶಾಸ್ತ್ರಗಳಲ್ಲಿಯೂ ಬಿಟ್ಟ ಸ್ಥಳಗಳು ಬೇಕಾದಷ್ಟಿವೆ. ಆದರೆ ಅಲ್ಲಿ ಉತ್ತರ ಬಲ್ಲ ಉಪಾಧ್ಯಾಯರು ಯಾರೂ ಇಲ್ಲ. ಹಾಗಿದ್ದೂ ಅವುಗಳನ್ನು ತುಂಬಬೇಕಾಗುತ್ತದೆ. ತುಂಬುವ ಕ್ರಮವೇನು, ತುಂಬಿದ್ದನ್ನು ಎಷ್ಟರಮಟ್ಟಿಗೆ ನಂಬತಕ್ಕದ್ದು, ಎಲ್ಲಿ ನಂಬಬಾರದು ಎಂಬ ವಿಚಾರವನ್ನು ಈ ಲೇಖನದಲ್ಲಿ ಯಥಾಮತಿಯಾಗಿ ವಿವರಿಸಲು ಹೊರಟಿದ್ದೇನೆ.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರದ ಪಾಠ ಹೇಳುವವನು. ನಮ್ಮದು ಕಲಾ ಕಾಲೇಜು. ಇಲ್ಲಿ ಕೃಷಿವಿಜ್ಞಾನದ ತರಗತಿಗಳಿಲ್ಲ. ಆದರೂ ಉದಾಹರಣೆಯನ್ನು ಬೀಜದ ಶೋಧನೆಯಿಂದ ಆರಿಸಿಕೊಂಡದ್ದಕ್ಕೆ ಕಾರಣವಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ನಾಲ್ಕು ತಾಲ್ಲೂಕುಗಳಿಂದ ಬರುವ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಮನೆಯಲ್ಲಿ ಮಳೆ ನಂಬಿ ರಾಗಿ ಬಿತ್ತುವವರು. ಬಿತ್ತುವ ಬೀಜ ಎಲ್ಲಿಂದ ಬಂತು, ಅದನ್ನು ಆರಿಸಿದವರು ಯಾವುದನ್ನು ಉಳಿಸಿಕೊಂಡು ಯಾವುದನ್ನು ಬಿಸುಟರು ಎಂಬುದು ಅವರಿಗೆ ಸಂಬಂಧಪಡದ ಸಂಗತಿಯಲ್ಲ.

ಮೊದಲು ಕನ್ನಡ ವಿಭಾಗದವರಿಗೆ ಪರಿಚಿತವಾದ ಒಂದು ನಿದರ್ಶನವನ್ನು ಕೊಡುತ್ತೇನೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ಬೆಂಗಳೂರು ಜಿಲ್ಲೆಯ ಶಾಸನಗಳೆಲ್ಲ ಅದರಲ್ಲಿವೆ. ನಮ್ಮ ನಾಲ್ಕು ತಾಲ್ಲೂಕುಗಳ ಕಲ್ಲುಗಳೂ ಅದರಲ್ಲಿ ಸೇರಿವೆ. ಕಲ್ಲು ಸವೆದು ಅಕ್ಷರ ಅಳಿಸಿಹೋಗುವುದು, ಓಲೆಗರಿಯನ್ನು ಹುಳು ತಿಂದು ಪಾಠ ತ್ರುಟಿತವಾಗುವುದು ಗ್ರಂಥಸಂಪಾದಕರಿಗೆ ನಿತ್ಯದ ಅನುಭವ. ಆಗ ಸಂಪಾದಕನು ಏನು ಮಾಡುತ್ತಾನೆ? ಅದೇ ಪಾಠದ ಬೇರೆ ಪ್ರತಿ ಇದ್ದರೆ ಅದನ್ನು ನೋಡುತ್ತಾನೆ. ಇಲ್ಲದಿದ್ದರೆ ಅಕ್ಕಪಕ್ಕದ ಅಕ್ಷರಗಳ ಸಹಾಯದಿಂದ ಊಹಿಸುತ್ತಾನೆ. ಕಂದಪದ್ಯದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬ ಪ್ರಾಸನಿಯಮವಿದೆಯಷ್ಟೆ. ಮೂರನೆಯ ಪಾದದ ಎರಡನೆಯ ಅಕ್ಷರವನ್ನು ಹುಳು ತಿಂದಿದ್ದರೂ, ಉಳಿದ ಪಾದಗಳಲ್ಲಿ ಅದು ‘ದ’ಕಾರವಾಗಿದ್ದರೆ ಇಲ್ಲಿಯೂ ‘ದ’ಕಾರವೇ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಅದು ‘ದ’ವೋ ‘ದಿ’ಯೋ ‘ದು’ವೋ ಎಂಬುದನ್ನು ಪ್ರಾಸ ಹೇಳುವುದಿಲ್ಲ. ಊಹೆಯಲ್ಲಿ ಒಂದು ಭಾಗ ಗಟ್ಟಿ, ಇನ್ನೊಂದು ಭಾಗ ಸಡಿಲ. ಅದಕ್ಕಾಗಿಯೇ ಜವಾಬ್ದಾರಿಯುಳ್ಳ ಸಂಪಾದಕನು ತಾನು ಊಹಿಸಿದ್ದನ್ನು ಕಂಸದೊಳಗಿಟ್ಟು ಅಚ್ಚುಮಾಡಿಸುತ್ತಾನೆ. ಈ ಕಂಸವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ; ಮುಂದೆ ಇದರ ಪ್ರಯೋಜನವಿದೆ.

ಇನ್ನು ಹೊಲಕ್ಕೆ ಬರೋಣ. ನಾಲ್ಕು ರಾಗಿ ತಳಿಗಳಲ್ಲಿ ಯಾವುದು ಮೇಲೆಂದು ತಿಳಿಯಬೇಕಾಗಿದೆ ಎಂದಿಟ್ಟುಕೊಳ್ಳಿ. ಹೊಲದ ಮಣ್ಣು ಎಲ್ಲೆಡೆ ಒಂದೇ ಸಮವಾಗಿರುವುದಿಲ್ಲವಾದ ಕಾರಣ ಹೊಲವನ್ನು ಮೂರು ಪಟ್ಟಿಗಳಾಗಿ ಮಾಡಿ, ಪ್ರತಿ ಪಟ್ಟಿಯಲ್ಲಿಯೂ ನಾಲ್ಕು ತಾಕು ತೆಗೆದು, ತಾಕಿಗೊಂದರಂತೆ ನಾಲ್ಕೂ ತಳಿಗಳನ್ನು ಬಿತ್ತುತ್ತಾರೆ. ಮೊದಲನೆಯ ಪಟ್ಟಿಯಲ್ಲಿ ಕ್ರಮವಾಗಿ 12, 10, 9, 11 ಕಿಲೋ ಬಂತು. ಮೂರನೆಯ ಪಟ್ಟಿಯಲ್ಲಿ 11, 9, 8, 10 ಬಂತು. ನಡುವಣ ಪಟ್ಟಿಯಲ್ಲಿ 13, 11, 10 ಬಂದು, ನಾಲ್ಕನೆಯ ತಾಕನ್ನು ಕಟಾವಿನ ಹಿಂದಿನ ರಾತ್ರಿ ದನ ನುಗ್ಗಿ ಮೇಯ್ದುಹೋಯಿತು. ಅಂಕಿಗಳು ನಾನು ಪಾಠಕ್ಕಾಗಿ ಕಟ್ಟಿಕೊಂಡವು. ದನದ ಉಪದ್ರವ ಮಾತ್ರ ಎಲ್ಲ ಊರಿನದೂ.

ಆ ಮನೆಯಲ್ಲಿ ಏನು ಬರೆಯತಕ್ಕದ್ದು? ಸೊನ್ನೆ ಬರೆದರೆ ದನದ ತಪ್ಪನ್ನು ತಳಿಯ ತಲೆಗೆ ಕಟ್ಟಿದಂತಾಗುತ್ತದೆ. ಆ ತಳಿ ಉಳಿದೆರಡು ಪಟ್ಟಿಗಳಲ್ಲಿ ಕೊಟ್ಟ 11 ಮತ್ತು 10ರ ಸರಾಸರಿ 10½ ಎಂದು ಬರೆಯೋಣವೆಂದರೆ, ನಡುವಣ ಪಟ್ಟಿಯ ಮಣ್ಣು ಮೂರು ಪಟ್ಟಿಗಳಲ್ಲಿ ಎಲ್ಲಕ್ಕಿಂತ ಸಾರವತ್ತಾದದ್ದೆಂಬುದನ್ನು ಮರೆತಂತಾಗುತ್ತದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅಲನ್ ಮತ್ತು ವಿಶಾರ್ಟ್ ಎಂಬವರು 1930ರಲ್ಲಿ ಈ ಸಮಸ್ಯೆಗೆ ಉಪಾಯ ಹೇಳಿದರು. 1933ರಲ್ಲಿ ಯೇಟ್ಸ್ ಅದನ್ನು ವಿಸ್ತರಿಸಿದರು. ಲೆಕ್ಕ ಸುಲಭ. ಆ ತಳಿಯ ಉಳಿದ ಮೊತ್ತ 21ನ್ನು ತಳಿಗಳ ಸಂಖ್ಯೆ 4ರಿಂದ ಗುಣಿಸಿ. ಆ ಪಟ್ಟಿಯ ಉಳಿದ ಮೊತ್ತ 34ನ್ನು ಪಟ್ಟಿಗಳ ಸಂಖ್ಯೆ 3ರಿಂದ ಗುಣಿಸಿ. ಎರಡನ್ನೂ ಕೂಡಿಸಿ, ದೊರೆತಿರುವ ಎಲ್ಲ ತಾಕುಗಳ ಒಟ್ಟು ಮೊತ್ತ 114ನ್ನು ಕಳೆಯಿರಿ. 84ಕ್ಕೆ 102 ಸೇರಿ, 114 ಕಳೆದರೆ 72. ಇದನ್ನು ತಳಿಗಳಲ್ಲಿ ಒಂದು ಕಡಮೆ, ಪಟ್ಟಿಗಳಲ್ಲಿ ಒಂದು ಕಡಮೆ, ಅಂದರೆ 3×2=6ರಿಂದ ಭಾಗಿಸಿದರೆ 12. ತಳಿಯ ಯೋಗ್ಯತೆ, ಪಟ್ಟಿಯ ಯೋಗ್ಯತೆ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬಂದ ಅಂಕಿ ಇದು. ಸಾಲುಗಳನ್ನು ಕಣ್ಣಿನಲ್ಲೇ ಹೋಲಿಸಿದರೂ ಇದು ಸಮಂಜಸವೆಂದು ತೋರುತ್ತದೆ: ನಡುವಣ ಪಟ್ಟಿಯಲ್ಲಿ ಪ್ರತಿ ತಳಿಯೂ ಮೊದಲ ಪಟ್ಟಿಗಿಂತ ಒಂದು ಕಿಲೋ ಹೆಚ್ಚು ಕೊಟ್ಟಿದೆ.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಮನಿಸದೆ ಹೋಗುವ ಒಂದು ಕಟ್ಟಳೆಯಿದೆ. ಹನ್ನೆರಡು ತಾಕಿನ ಈ ಪ್ರಯೋಗದಲ್ಲಿ ಆಕಸ್ಮಿಕ ವ್ಯತ್ಯಾಸವನ್ನು ಅಳೆಯುವುದಕ್ಕೆ ಆರು ಸ್ವತಂತ್ರ ಅಂಶಗಳಿರುತ್ತವೆ. ಒಂದು ತಾಕನ್ನು ಊಹೆಯಿಂದ ತುಂಬಿದಾಗ ಅದನ್ನು ಐದಕ್ಕೆ ಇಳಿಸಬೇಕು. ಮನೆ ತುಂಬಿತು ನಿಜ, ಆದರೆ ಹೊಸ ಸುದ್ದಿ ಏನೂ ಬರಲಿಲ್ಲ. ತುಂಬಿದ 12, ಉಳಿದ ಹನ್ನೊಂದು ಅಂಕಿಗಳು ಆಗಲೇ ಹೇಳಿದ್ದನ್ನು ಇನ್ನೊಮ್ಮೆ ಹೇಳುತ್ತಿದೆಯೇ ಹೊರತು ದನ ತಿಂದ ರಾಗಿಯ ಬಗ್ಗೆ ಅದಕ್ಕೇನೂ ತಿಳಿಯದು.

ಹನ್ನೆರಡು ಮನೆಗಳಲ್ಲಿ ಒಂದು ಬರಿದಾದರೆ ಇಷ್ಟು ವಿಚಾರ. ಈಗಿನ ತಳಿಶೋಧಕರ ಕೋಷ್ಟಕಗಳಲ್ಲಿ ಕೋಟಿಗಟ್ಟಲೆ ಮನೆಗಳಿರುತ್ತವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರಿದಾಗಿರುವುದೂ ಉಂಟು. ಅದು ಹೇಗೆಂದು ತಿಳಿಯಬೇಕಾದರೆ ನಮ್ಮ ರಾಗಿಯ ಶೋಧನೆಯ ಇತಿಹಾಸವನ್ನು ಸ್ವಲ್ಪ ನೋಡಬೇಕು.

ಹೆಬ್ಬಾಳದ ಪ್ರಯೋಗಕ್ಷೇತ್ರ 1899ರಲ್ಲಿ ಪ್ರಾರಂಭವಾಯಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ರಾಗಿಯ ಬೇಸಾಯವನ್ನು ಕೂಲಂಕಷವಾಗಿ ಅಭ್ಯಾಸಮಾಡಿ 1920ರಲ್ಲಿ ಅದರ ಬಗ್ಗೆ ಒಂದು ಪುಸ್ತಿಕೆ ಬರೆದರು. ಆಗ ರೈತರಲ್ಲಿ ಬಳಕೆಯಲ್ಲಿದ್ದ ತಳಿಗಳ ಹೆಸರುಗಳೇ ಕೇಳಲು ಸೊಗಸು: ಹಸಿರುಕಂಬಿ, ಕರಿಗಿಡ್ಡ, ಜೇನುಮುದ್ದೆ, ರುದ್ರಜಡೆ, ಮಜ್ಜಿಗೆರಾಗಿ. ಇಂಥ ನಾಟಿ ತಳಿಗಳಲ್ಲಿ ಒಳ್ಳೆಯ ಗಿಡಗಳನ್ನು ಆರಿಸಿ ಬೆಳೆಸುವುದು ಮೊದಲ ಹಂತ. ಎರಡು ತಳಿಗಳನ್ನು ಬೆರಸಿ ಮೂರನೆಯದನ್ನು ಪಡೆಯುವುದು ಎರಡನೆಯ ಹಂತ. ರಾಗಿಯಲ್ಲಿ ಇದು ಬಹು ಪ್ರಯಾಸದ ಕೆಲಸ. ರಾಗಿಯ ಹೂ ಅತಿ ಸಣ್ಣದು, ನಡುರಾತ್ರಿ ಕಳೆದ ಮೇಲೆ ಅರಳುವಂಥದು, ತನ್ನ ಪರಾಗದಿಂದಲೇ ಕಾಳುಕಟ್ಟುವಂಥದು. ಮಂಡ್ಯದ ವಿ. ಸಿ. ಫಾರಂನಲ್ಲಿ ಕೆಲಸಮಾಡಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಬೆರಸಿ ‘ಇಂಡಾಫ್’ ತಳಿಗಳನ್ನು ಹೊರತಂದರು. ಹೆಸರಿನಲ್ಲೇ ಎರಡರ ಗುರುತೂ ಇದೆ. 1964ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಅನಂತರ ಬಂದ ಜಿ.ಪಿ.ಯು. 28, ಎಂ.ಎಲ್. 365 ಮುಂತಾದ ತಳಿಗಳ ವಂಶವೃಕ್ಷದಲ್ಲಿ ಈ ಇಂಡಾಫ್‌ಗಳು ಇವೆ. ಎಂ.ಎಲ್. 365ರ ತಂದೆತಾಯಿಗಳು ಐ.ಇ. 1012 ಮತ್ತು ಇಂಡಾಫ್ 5. ಜಿ.ಪಿ.ಯು. 28ರಲ್ಲಿಯೂ ಇವೆರಡರ ರಕ್ತವಿದೆ, ಜೊತೆಗೆ ಇಂಡಾಫ್ 9ರದೂ ಸೇರಿದೆ. ಗಿಡಕ್ಕೆ ರಕ್ತವೆಲ್ಲಿಯದು ಎಂದು ಸಸ್ಯಶಾಸ್ತ್ರದವರು ನಗಬಾರದು.

ಗಿಡವನ್ನು ಕಣ್ಣಿನಿಂದ ನೋಡಿ ಆರಿಸುವ ಕ್ರಮದಲ್ಲಿ ಕಾಲ ಬಹಳ ಬೇಕು. ಬೆಂಕಿರೋಗಕ್ಕೆ ತೆನೆಯ ಕುತ್ತಿಗೆ ಕಪ್ಪಾಗಿ ಜೊಳ್ಳಾಗುವುದೋ ಇಲ್ಲವೋ ಎಂದು ತಿಳಿಯಲು ರೋಗ ಬರುವ ವರ್ಷಕ್ಕಾಗಿಯೇ ಕಾಯಬೇಕು. ಆದ್ದರಿಂದ ಶೋಧಕರು ಮೊಳಕೆಯ ಎಲೆಯಲ್ಲಿಯೇ ಭವಿಷ್ಯ ಓದುವ ದಾರಿಯನ್ನು ಹುಡುಕಿದರು. ಪ್ರತಿ ಜೀವಕೋಶದ ವರ್ಣತಂತುಗಳಲ್ಲಿಯೂ ಡಿ.ಎನ್.ಎ. ಎಂಬ ಉದ್ದನೆಯ ಬರೆಹವಿದೆ. ಅದರ ಅಕ್ಷರಗಳು ನಾಲ್ಕೇ. ಒಂದೇ ಜಾತಿಯ ಎರಡು ಗಿಡಗಳಲ್ಲಿ ಬರೆಹ ಬಹುಮಟ್ಟಿಗೆ ಒಂದೇ. ಕೆಲವು ಸ್ಥಾನಗಳಲ್ಲಿ ಮಾತ್ರ ಒಂದರಲ್ಲಿ ಒಂದಕ್ಷರ, ಇನ್ನೊಂದರಲ್ಲಿ ಬೇರೆ ಅಕ್ಷರ. ಇಂಥ ಪಾಠಾಂತರದ ಸ್ಥಾನಗಳೇ ‘ಮಾರ್ಕರ್’ಗಳು, ಅಂದರೆ ಗುರುತುಗಳು. ಗುರುತೇ ರೋಗವನ್ನು ತಡೆಯಬೇಕೆಂದಿಲ್ಲ. ರೋಗ ತಡೆಯುವ ಜೀನಿನ ನೆರೆಯಲ್ಲಿ ಇದ್ದರೂ ಸಾಕು. ಒಂದೇ ತಂತುವಿನ ಮೇಲೆ ಒತ್ತಾಗಿರುವ ಸ್ಥಾನಗಳು ತಲೆಮಾರಿನಿಂದ ತಲೆಮಾರಿಗೆ ಸಾಧಾರಣವಾಗಿ ಒಟ್ಟಿಗೇ ಸಾಗುತ್ತವೆ.

ಬರೆಹದ ಗಾತ್ರವನ್ನು ಹೇಳಿದರೆ ಆಶ್ಚರ್ಯವಾಗಬಹುದು. ಮನುಷ್ಯನದು ಸುಮಾರು 300 ಕೋಟಿ ಅಕ್ಷರ. ನಾವು ಚಪಾತಿಗೆ ಬಳಸುವ ಗೋಧಿಯದು ಸುಮಾರು 1,600 ಕೋಟಿ. ಏಕೆಂದರೆ ಪೂರ್ವಕಾಲದಲ್ಲಿ ಮೂರು ಹುಲ್ಲುಗಳ ಬರೆಹ ಒಂದರಲ್ಲಿ ಸೇರಿ ಗೋಧಿಯಾಯಿತು. ಅದರ 21 ಜೊತೆ ವರ್ಣತಂತುಗಳು ಏಳೇಳರ ಮೂರು ಕಟ್ಟುಗಳು. ಅದರ ಪ್ರಮಾಣಪಾಠ ಪ್ರಕಟವಾದದ್ದು 2018ರಲ್ಲಿ. ರಾಗಿಯಲ್ಲಿ ಒಂಬತ್ತೊಂಬತ್ತರ ಎರಡು ಕಟ್ಟು. ರಾಗಿಯ ಬರೆಹವನ್ನು ಮೊದಮೊದಲು ಓದಿದವರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಡಾ. ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು ಸೇರಿದ್ದಾರೆ. ಮೇಲೆ ಹೇಳಿದ ಎಂ.ಎಲ್. 365 ತಳಿಯನ್ನೇ ಆರಿಸಿಕೊಂಡು, 2017ರಲ್ಲಿ ಸುಮಾರು 120 ಕೋಟಿ ಅಕ್ಷರಗಳ ಪಾಠವನ್ನು ಪ್ರಕಟಿಸಿದರು. ಅದು ಪೂರ್ಣ ಬರೆಹದಲ್ಲಿ ಶೇಕಡ 82ರಷ್ಟು ಎಂದು ಅವರೇ ಅಂದಾಜು ಮಾಡಿದ್ದಾರೆ. ಅಂದರೆ ಅಲ್ಲಿಯೂ ಬಿಟ್ಟ ಸ್ಥಳ ಇದ್ದೇ ಇತ್ತು.

ಒಂದು ತಳಿಯ ಬರೆಹವನ್ನು ಆದ್ಯಂತ ಓದುವುದು ಬೇರೆ, ಸಾವಿರ ಗಿಡಗಳನ್ನು ಓದಿ ಆರಿಸುವುದು ಬೇರೆ. ಎರಡನೆಯದಕ್ಕೆ ಖರ್ಚು ಕಡಮೆಯಾಗಬೇಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದವರು 2011ರಲ್ಲಿ ಇದಕ್ಕೊಂದು ಅಗ್ಗದ ಮಾರ್ಗ ತೋರಿಸಿದರು. ಕಿಣ್ವವೊಂದರಿಂದ ಡಿ.ಎನ್.ಎ.ಯನ್ನು ತುಂಡುಮಾಡಿ, ತುಂಡುಗಳ ತುದಿಗಳನ್ನಷ್ಟೇ, ಅದೂ ತೆಳುವಾಗಿ ಓದುವುದು ಆ ಮಾರ್ಗ. ಯಂತ್ರದ ಓದು ಇಲ್ಲಿ ಲಾಟರಿಯಂತೆ. ಮೂಟೆಯೊಳಗೆ ಕೈಹಾಕಿ ಹಿಡಿ ಕಾಳು ತೆಗೆದರೆ ಬಣ್ಣಬಣ್ಣದ ಕಾಳೆಲ್ಲ ಪ್ರತಿ ಹಿಡಿಯಲ್ಲಿಯೂ ಬರುವುದಿಲ್ಲವಷ್ಟೆ. ಹಾಗೆಯೇ ಒಂದು ಗಿಡದಲ್ಲಿ ಓದಿಗೆ ಸಿಕ್ಕಿದ ಸ್ಥಾನ ಪಕ್ಕದ ಗಿಡದಲ್ಲಿ ಸಿಗದೆ ಹೋಗುತ್ತದೆ. 2012ರಲ್ಲಿ ಪ್ರಕಟವಾದ ಒಂದು ಗೋಧಿ ಸಂಶೋಧನೆಯಲ್ಲಿ 254 ಸಾಲುತಳಿಗಳನ್ನು 41,371 ಗುರುತುಗಳಿಗಾಗಿ ಓದಿದ್ದರು. ಗುಣಿಸಿ ನೋಡಿ, ಒಂದು ಕೋಟಿಗೆ ಮೇಲ್ಪಟ್ಟು ಮನೆಗಳು. ಕೆಲವು ಗುರುತುಗಳ ಸಾಲಿನಲ್ಲಿ ನೂರಕ್ಕೆ ಎಂಬತ್ತರವರೆಗೂ ಮನೆಗಳು ಬರಿದಾಗಿದ್ದವು.

ಬರಿದಾದ ಗಿಡಗಳನ್ನು ಕೈಬಿಟ್ಟರಾಗದೆ ಎಂದು ಕೇಳಬಹುದು. ಆಗದು. ಪ್ರತಿ ಮನೆಯೂ ಬರಿದಾಗುವ ಸಂಭವ ಹತ್ತರಲ್ಲಿ ಒಂದೇ ಎಂದೂ, ಗುರುತುಗಳು ಬರೀ ಐವತ್ತು ಎಂದೂ ಇಟ್ಟುಕೊಂಡರೆ, ಒಂದು ಗಿಡದ ಐವತ್ತು ಮನೆಗಳೂ ತುಂಬಿರುವ ಸಂಭವ ದಶಮಾಂಶ ಒಂಬತ್ತನ್ನು ಐವತ್ತು ಸಲ ಗುಣಿಸಿದಷ್ಟು, ಅಂದರೆ ಸಾವಿರಕ್ಕೆ ಐದು ಮಾತ್ರ. ಸಾವಿರ ಗಿಡ ಬೆಳೆಸಿ ಐದನ್ನು ಇಟ್ಟುಕೊಳ್ಳುವುದು ಯಾರಿಗೂ ಕಟ್ಟುವುದಿಲ್ಲ. ಇನ್ನು ಗುರುತುಗಳೆಲ್ಲವನ್ನೂ ಒಟ್ಟಿಗೆ ತೂಗಿ ಗಿಡದ ಯೋಗ್ಯತೆಯನ್ನು ಮುಂದಾಗಿ ಹೇಳುವ ಗಣಿತವೊಂದಿದೆ; ಅದನ್ನು 2001ರಲ್ಲಿ ಮ್ಯೂವಿಸೆನ್, ಹೇಯ್ಸ್, ಗೊಡಾರ್ಡ್ ಎಂಬ ಮೂವರು ಸೂಚಿಸಿದರು. ಆ ಗಣಿತಕ್ಕೆ ಕೋಷ್ಟಕ ಭರ್ತಿಯಾಗಿಯೇ ಇರಬೇಕು. ಆದುದರಿಂದ ತುಂಬುವುದು ಅನಿವಾರ್ಯ. ಇಂಗ್ಲಿಷಿನಲ್ಲಿ ಇದಕ್ಕೆ ‘ಇಂಪ್ಯುಟೇಷನ್’ ಎನ್ನುತ್ತಾರೆ. ರಾಷ್ಟ್ರೀಯ ವರಮಾನದ ಪಾಠದಲ್ಲಿ ಸ್ವಂತ ಮನೆಯಲ್ಲಿರುವವರಿಗೂ ‘ಆರೋಪಿತ ಬಾಡಿಗೆ’ ಲೆಕ್ಕಹಾಕುವುದನ್ನು ನನ್ನ ವಿದ್ಯಾರ್ಥಿಗಳು ಬಲ್ಲರು. ಅದೇ ಮಾತು ಇಲ್ಲಿಯೂ. ಆರೋಪ ಎಂಬ ಮಾತು ನನಗೆ ಬಹಳ ಒಪ್ಪಿಗೆ. ಆರೋಪವಿದ್ದಲ್ಲಿ ವಿಚಾರಣೆಯೂ ಇರಬೇಕಷ್ಟೆ.

ತುಂಬುವ ಕ್ರಮಗಳು ಹಲವು. ಬಡ ಕ್ರಮವೆಂದರೆ ಆ ಸ್ಥಾನದಲ್ಲಿ ಬಹುಸಂಖ್ಯೆಯ ಗಿಡಗಳಿಗೆ ಯಾವ ಅಕ್ಷರವಿದೆಯೋ ಅದನ್ನೇ ಬರೆದುಬಿಡುವುದು. ಇದಕ್ಕಿಂತ ಮೇಲಾದುದು ಸಮೀಪದ ಬಂಧುವನ್ನು ಹುಡುಕುವುದು. ಒಂದು ಚಿಕ್ಕ ಉದಾಹರಣೆ: ಐದು ಸ್ಥಾನಗಳು, ಪ್ರತಿಯೊಂದರಲ್ಲಿಯೂ ‘ಅ’ ಅಥವಾ ‘ಇ’ ಎಂಬ ಎರಡು ಪಾಠಗಳು. ಮೊದಲ ಎರಡು ಗಿಡಗಳು ‘ಅ ಅ ಇ ಅ ಇ’. ಮೂರನೆಯದು ‘ಇ ಇ ಅ ಇ ಅ’. ನಾಲ್ಕನೆಯದು ‘ಅ ಇ ಅ ಇ ಅ’. ಐದನೆಯ ಗಿಡ ‘ಅ ಅ ಇ’ ಎಂದು ಓದಿ, ನಾಲ್ಕನೆಯ ಸ್ಥಾನ ಬರಿದಾಗಿ, ಕೊನೆಗೆ ‘ಇ’ ಎಂದಿದೆ. ನಾಲ್ಕನೆಯ ಸ್ಥಾನದಲ್ಲಿ ‘ಅ’ ಎರಡು, ‘ಇ’ ಎರಡು, ಬಹುಮತದಿಂದ ಇತ್ಯರ್ಥವಾಗದು. ಆದರೆ ಓದಲು ಸಿಕ್ಕಿದ ನಾಲ್ಕು ಸ್ಥಾನಗಳಲ್ಲಿಯೂ ಐದನೆಯ ಗಿಡ ಮೊದಲೆರಡನ್ನು ಹೋಲುತ್ತದೆ. ಆದ್ದರಿಂದ ‘ಅ’ ಎಂದು ತುಂಬುತ್ತೇವೆ. ಓಲೆಗರಿಯ ಸಂಪಾದಕ ಸೋದರಪ್ರತಿಯನ್ನು ನೋಡಿದಂತೆ ಇದು.

ವಂಶ ಗೊತ್ತಿದ್ದರೆ ಇನ್ನೂ ಬಲ. ಎಂ.ಎಲ್. 365ರ ಪ್ರತಿ ಅಕ್ಷರವೂ ಐ.ಇ. 1012ರಿಂದಾಗಲಿ ಇಂಡಾಫ್ 5ರಿಂದಾಗಲಿ ಬಂದಿರಲೇಬೇಕು. ಒಂದು ಬರಿದಾದ ಸ್ಥಾನದ ಎಡಗಡೆಯ ಗುರುತೂ ಬಲಗಡೆಯ ಗುರುತೂ ಇಂಡಾಫ್ 5ರವೇ ಆಗಿದ್ದು, ಎರಡೂ ಹತ್ತಿರದಲ್ಲೇ ಇದ್ದರೆ, ನಡುವಣದು ಮಾತ್ರ ಐ.ಇ. 1012ರಿಂದ ಬರಬೇಕಾದರೆ ತಂತು ಅಷ್ಟು ಕಿರಿದಾದ ಎಡೆಯಲ್ಲಿ ಎರಡು ಸಲ ತುಂಡಾಗಿ ಕೂಡಿರಬೇಕು, ಅದು ಅಪರೂಪ. ಪ್ರಾಸವಿದ್ದಂತೆ ಇದೊಂದು ಕಟ್ಟು. ಗುರುತುಗಳು ತಂತುವಿನ ಮೇಲೆ ಯಾವ ಕ್ರಮದಲ್ಲಿವೆಯೆಂದು ತಿಳಿಯದೆ ಇದ್ದಾಗ ಹೇಗೆ ತುಂಬಬೇಕೆಂಬುದನ್ನು ರಟ್ಕೋಸ್ಕಿ ಮತ್ತು ಸಂಗಡಿಗರು 2013ರಲ್ಲಿ ಗೋಧಿ ಮುಂತಾದ ಧಾನ್ಯಗಳಲ್ಲಿ ಪರೀಕ್ಷಿಸಿದರು. ನೂರಾರು ನಿರ್ಣಯವೃಕ್ಷಗಳನ್ನು ಕಟ್ಟಿ ಅವುಗಳ ಅಭಿಪ್ರಾಯವನ್ನು ಒಟ್ಟುಗೂಡಿಸುವ ‘ರ‍್ಯಾಂಡಮ್ ಫಾರೆಸ್ಟ್’ ಎಂಬ ಕ್ರಮ ಬಹುತೇಕ ಮೇಲಾಗಿ ಕಂಡಿತು.

ಮೇಲಾಗಿ ಕಂಡಿತೆಂದು ಹೇಳಿದವರು ಯಾರು, ಉತ್ತರ ಬಲ್ಲ ಉಪಾಧ್ಯಾಯರೇ ಇಲ್ಲವಲ್ಲ? ಉಪಾಯ ಸರಳ. ಓದಲು ಸಿಕ್ಕಿದ ಅಕ್ಷರಗಳಲ್ಲೇ ಕೆಲವನ್ನು ಬೇಕೆಂದೇ ಮುಚ್ಚಿಡುತ್ತಾರೆ. ಉಳಿದವುಗಳಿಂದ ಅವುಗಳನ್ನು ಊಹಿಸುತ್ತಾರೆ. ಆಮೇಲೆ ಮುಚ್ಚಳ ತೆಗೆದು ಎಷ್ಟು ಸರಿಯಾಯಿತೆಂದು ಎಣಿಸುತ್ತಾರೆ. ನೂರಕ್ಕೆ ತೊಂಬತ್ತೈದು ಸರಿ ಎಂದು ಬಂದರೆ ಎಲ್ಲರೂ ಸಂತೋಷಪಡುತ್ತಾರೆ.

ನನ್ನ ಮಾತೆಲ್ಲ ಈ ತೊಂಬತ್ತೈದರ ಮೇಲೆ ನಿಂತಿದೆ. ಒಂದು ಸ್ಥಾನದಲ್ಲಿ ನೂರು ತಳಿಗಳ ಪೈಕಿ 95ಕ್ಕೆ ‘ಅ’ ಇದೆ, 5ಕ್ಕೆ ಮಾತ್ರ ‘ಇ’ ಇದೆ ಎನ್ನಿ. ಏನನ್ನೂ ಯೋಚಿಸದೆ ಕಣ್ಣುಮುಚ್ಚಿ ಎಲ್ಲ ಕಡೆಯೂ ‘ಅ’ ಎಂದು ಬರೆಯುವ ದಡ್ಡನಿಗೂ ನೂರಕ್ಕೆ ತೊಂಬತ್ತೈದು ಅಂಕ ಬರುತ್ತದೆ! ಆದರೆ ಆ ಐದು ತಳಿಗಳ ವಿಷಯದಲ್ಲಿ ಅವನಿಗೆ ಬಂದದ್ದು ಸೊನ್ನೆ. ಯಾವುದು ಅಪರೂಪವೋ ಅದನ್ನೇ ಅವನು ಅಳಿಸಿಹಾಕಿದ್ದಾನೆ. ಜಾಣ ಕ್ರಮಗಳು ಇವನಷ್ಟು ಕೆಟ್ಟವಲ್ಲ; ಆದರೂ ಅವುಗಳ ಓಲುವಿಕೆ ಇದೇ ಕಡೆಗೆ. ಬಂಧುಗಳು ಬೇಕಾದಷ್ಟಿರುವ ತಳಿಯ ಬಗ್ಗೆ ಅವು ಚೆನ್ನಾಗಿ ಊಹಿಸುತ್ತವೆ. ಒಂಟಿ ತಳಿಗೆ ಬಂಧುಗಳಿಲ್ಲ; ಅದಕ್ಕೆ ಪರರ ಅಕ್ಷರವನ್ನೇ ತೊಡಿಸಬೇಕಾಗುತ್ತದೆ. ಹೈದರಾಬಾದಿನ ಬಳಿ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು ತಮ್ಮಲ್ಲಿದ್ದ 5,940 ರಾಗಿ ಮಾದರಿಗಳಿಂದ ಮೊದಲು 622ನ್ನು, ಅನಂತರ 80ನ್ನು ಪ್ರತಿನಿಧಿಗಳಾಗಿ ಆರಿಸಿದರು. ಅಭ್ಯಾಸಕ್ಕೆ ಇಂಥ ಆಯ್ಕೆ ಬಹಳ ಅನುಕೂಲ. ಆದರೆ ಎಂಬತ್ತರ ಆಧಾರದ ಮೇಲೆ ಆರು ಸಾವಿರದ ಬಿಟ್ಟ ಸ್ಥಳಗಳನ್ನು ತುಂಬಲು ಹೋದರೆ, ಯಾವುದೋ ಮೂಲೆಯ ಹಳ್ಳಿಯ ಕರಿಗಿಡ್ಡದಲ್ಲಿ ಮಾತ್ರ ಇರುವ ಅಕ್ಷರ ಪಟ್ಟಿಗೆ ಸೇರುವ ಸಂಭವವೇ ಇಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕಿಣ್ವವು ನಿಗದಿಯಾದ ಒಂದು ಅಕ್ಷರಸರಣಿಯನ್ನು ಕಂಡಲ್ಲಿ ಮಾತ್ರ ಕತ್ತರಿಸುತ್ತದೆ. ನಾಟಿ ತಳಿಯಲ್ಲಿ ಆ ಸರಣಿಯಲ್ಲಿಯೇ ಒಂದಕ್ಷರ ಬೇರೆಯಿದ್ದರೆ ಕತ್ತರಿ ಬೀಳುವುದಿಲ್ಲ, ಓದು ಸಿಗುವುದಿಲ್ಲ, ಮನೆ ಬರಿದಾಗುತ್ತದೆ. ಇದು ಲಾಟರಿಯ ಬರಿದಲ್ಲ. ಬರಿದಾಗಿರುವುದೇ ಅಲ್ಲಿ ಸಾಕ್ಷಿ. ಗ್ರಾಮಸಮೀಕ್ಷೆಗೆ ಹೋದ ನಮ್ಮ ವಿದ್ಯಾರ್ಥಿಗಳಿಗೆ ಬೀಗ ಹಾಕಿದ ಮನೆಗಳು ಸಿಗುತ್ತವೆ. ಮನೆಯವರು ಸಂತೆಗೆ ಹೋಗಿದ್ದರೆ ಮಾತು ಬೇರೆ. ನೆರೆಹೊರೆಯ ಸರಾಸರಿಯಿಂದ ತುಂಬಿದರೂ ದೊಡ್ಡ ಮೋಸವಾಗದು. ಸಂಸಾರವೇ ಬೆಂಗಳೂರಿಗೆ ಕೂಲಿಗೆ ಹೊರಟುಹೋಗಿದ್ದರೆ? ಊರಲ್ಲಿ ಉಳಿದವರ ಸರಾಸರಿಯನ್ನು ಆ ಮನೆಗೆ ಬರೆದಾಗ, ವಲಸೆಹೋದವರನ್ನು ಕಾಗದದ ಮೇಲೆ ಊರಿಗೆ ಕರೆತಂದಂತಾಗುತ್ತದೆ. ಯಾವ ಬರಿದು ಯಾವ ಬಗೆಯದೆಂದು ವಿಚಾರಿಸದೆ ತುಂಬುವ ಯಂತ್ರ ಎರಡಕ್ಕೂ ಒಂದೇ ಮದ್ದು ಹಾಕುತ್ತದೆ.

ಅಪರೂಪದ ಅಕ್ಷರ ಹೋದರೆ ಹೋಯಿತು, ನಷ್ಟವೇನು ಎನ್ನುವವರಿಗೆ ಗೋಧಿಯ ಒಂದು ವೃತ್ತಾಂತವನ್ನು ಹೇಳಬೇಕು. ನಮ್ಮ ಕಡೆ ಜವೆಗೋಧಿ, ಉತ್ತರ ಕರ್ನಾಟಕದಲ್ಲಿ ಸದಕ, ಮಹಾರಾಷ್ಟ್ರದಲ್ಲಿ ಖಪ್ಲಿ ಎಂದು ಕರೆಯುವ ಹಳೆಯ ಗೋಧಿಯೊಂದಿದೆ. ಕಾಳು ಸಿಪ್ಪೆಗೆ ಅಂಟಿಕೊಂಡಿರುತ್ತದೆ, ಬಡಿದು ಬೇರ್ಪಡಿಸುವುದು ಕಷ್ಟ. ಆದ್ದರಿಂದ ಹೊಸ ಗೋಧಿಗಳ ಮುಂದೆ ಇದು ಹಿಂದೆ ಬಿತ್ತು. ಅಮೆರಿಕದ ಸ್ಟೇಕ್‌ಮನ್ ಮತ್ತು ಲೆವೀನ್ ಎಂಬ ಸಸ್ಯರೋಗ ತಜ್ಞರು 1922ರಲ್ಲಿ ಕಾಂಡದ ತುಕ್ಕುರೋಗದ ಪ್ರಭೇದಗಳನ್ನು ಗುರುತಿಸಲು ಹನ್ನೆರಡು ಗೋಧಿಗಳನ್ನು ನಿಗದಿಮಾಡಿದಾಗ ಅವುಗಳಲ್ಲಿ ಖಪ್ಲಿಯೂ ಒಂದಾಗಿತ್ತು. 1998ರಲ್ಲಿ ಉಗಾಂಡದಲ್ಲಿ ಹೊಸದೊಂದು ತುಕ್ಕು ಕಾಣಿಸಿಕೊಂಡಿತು. ಅದುವರೆಗೆ ಜಗತ್ತಿನ ಬಹುಪಾಲು ಗೋಧಿಗಳನ್ನು ಕಾಪಾಡಿದ್ದ ಜೀನುಗಳು ಅದರ ಮುಂದೆ ಸೋತವು. ಅದನ್ನು ತಡೆಯಬಲ್ಲ ಕೆಲವೇ ಜೀನುಗಳಲ್ಲಿ ಎಸ್.ಆರ್. 13 ಎಂಬುದೊಂದು. ಅದು ಖಪ್ಲಿಯಲ್ಲಿ ಇದೆ. ಆ ಜೀನಿನ ಅಕ್ಷರಗಳನ್ನು 2017ರಲ್ಲಿ ಪ್ರತ್ಯೇಕಿಸಿ ಓದಿದರು. ಈಗ ಹೊಸ ಗೋಧಿಗಳೇ ತುಂಬಿರುವ ಒಂದು ಕೋಷ್ಟಕದಲ್ಲಿ ಖಪ್ಲಿಯ ಒಂದೇ ಸಾಲು ಇದೆ, ಆ ಜೀನಿನ ನೆರೆಯ ಗುರುತಿನಲ್ಲಿ ಅದರ ಮನೆ ಬರಿದಾಗಿದೆ ಎಂದು ಭಾವಿಸಿ. ಬಹುಮತದ ಕ್ರಮ ಅಲ್ಲಿ ಏನು ಬರೆಯುವುದೆಂಬುದನ್ನು ಹೇಳಬೇಕಾಗಿಲ್ಲ. ಹಾಗೆ ಬರೆದ ಕಾಗದವನ್ನು ನೋಡಿ ಮೊಳಕೆಗಳನ್ನು ಆರಿಸುವಾಗ, ಬೇಕಾದ ಗಿಡ ಹೊಲವನ್ನೇ ಕಾಣದೆ ಕಸಕ್ಕೆ ಹೋಗುತ್ತದೆ. ದನ ತಿಂದ ತಾಕಿನಲ್ಲಾದರೆ ನಷ್ಟ ಕಣ್ಣಿಗೆ ಕಾಣುತ್ತಿತ್ತು.

ಹಾಗಾದರೆ ತುಂಬುವ ವಿದ್ಯೆಯೇ ಬೇಡವೆಂದು ನನ್ನ ಅಭಿಪ್ರಾಯವಲ್ಲ. ಅದಿಲ್ಲದೆ ಇಂದಿನ ತಳಿಶೋಧನೆ ನಡೆಯುವಂತಿಲ್ಲ. ಇಂಡಾಫ್ ವಂಶದ ತಳಿಗಳಂತೆ ಬಂಧುಬಳಗ ದೊಡ್ಡದಾಗಿರುವ ಕಡೆ ಅದು ಸೊಗಸಾಗಿ ಕೆಲಸಮಾಡುತ್ತದೆ. ನಾನು ಕೇಳುವುದು ಶಾಸನ ಸಂಪಾದಕನ ಆ ಕಂಸವನ್ನು ಮಾತ್ರ. ಓದಿದ ಅಕ್ಷರ ಬೇರೆ, ತುಂಬಿದ ಅಕ್ಷರ ಬೇರೆ ಎಂಬ ಗುರುತು ಕೋಷ್ಟಕದಲ್ಲಿ ಕಡೆಯವರೆಗೂ ಉಳಿಯಬೇಕು. ಒಳ್ಳೆಯ ಗಣಕ ಕ್ರಮಗಳು ‘ಅ’ ಎಂದಷ್ಟೇ ಹೇಳದೆ ‘ಅ ಆಗಿರುವ ಸಂಭವ ಹತ್ತರಲ್ಲಿ ಒಂಬತ್ತು’ ಎಂದು ಹೇಳಬಲ್ಲವು. ಆ ಹತ್ತರಲ್ಲಿ ಒಂಬತ್ತನ್ನೇ ಇಟ್ಟುಕೊಳ್ಳಬೇಕು, ಅದನ್ನು ದುಂಡುಮಾಡಿ ಪೂರ್ತಿ ‘ಅ’ ಎಂದು ಬರೆಯಬಾರದು. ಮುಚ್ಚಿಟ್ಟು ಪರೀಕ್ಷಿಸುವಾಗ ಒಟ್ಟು ಅಂಕವನ್ನಲ್ಲದೆ, ಅಪರೂಪದ ಅಕ್ಷರಗಳಲ್ಲಿ ಎಷ್ಟು ಸಿಕ್ಕಿತೆಂಬುದನ್ನು ಬೇರೆಯಾಗಿ ಎಣಿಸಬೇಕು. ಒಂದು ಕಡತ ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಹೋಗುವಾಗ ಕಂಸ ಕಳಚಿಬೀಳುವುದು ಬಹು ಸುಲಭ. ಮೂರನೆಯ ಕೈ ಸೇರುವ ಹೊತ್ತಿಗೆ ಊಹೆ ಸಂಗತಿಯಾಗಿ ಕುಳಿತಿರುತ್ತದೆ.

ಶಾಸನಕ್ಕೂ ಬೀಜಕ್ಕೂ ಒಂದು ಭೇದವುಂಟು. ಸವೆದ ಕಲ್ಲಿನ ಮೇಲೆ ಅಳಿದ ಅಕ್ಷರ ಮತ್ತೆ ಮೂಡುವುದಿಲ್ಲ. ಬೀಜ ಉಗ್ರಾಣದಲ್ಲಿ ಜೀವದಿಂದಿದ್ದರೆ ಅದನ್ನು ಬಿತ್ತಿ, ಎಲೆ ತೆಗೆದು, ಸಂಶಯವಿದ್ದ ಸ್ಥಾನವನ್ನು ಇನ್ನೊಮ್ಮೆ ದಟ್ಟವಾಗಿ ಓದಬಹುದು. ಹಾಗೆ ಓದಬೇಕಾದರೆ ಸಂಶಯವಿತ್ತೆಂಬುದು ಗೊತ್ತಿರಬೇಕು, ಬೀಜವೂ ಇರಬೇಕು. ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವಿದೆ. ಮುಂದಿನ ವರ್ಷದ ಗ್ರಾಮಸಮೀಕ್ಷೆಯಲ್ಲಿ ನಮ್ಮ ವಿದ್ಯಾರ್ಥಿಗಳು ನಾಲ್ಕು ತಾಲ್ಲೂಕುಗಳಲ್ಲಿಯೂ ಯಾವ ಮನೆಯವರು ಯಾವ ರಾಗಿಯನ್ನು ಬಿತ್ತುತ್ತಾರೆ, ಅಂಗಡಿಯದಲ್ಲದ ಹಳೆಯ ಬೀಜ ಗುಡಾಣದಲ್ಲಿ ಎಲ್ಲಾದರೂ ಉಳಿದಿದೆಯೇ ಎಂದು ವಿಚಾರಿಸಿ ಬರೆದುಕೊಂಡರೆ ಆ ಪಟ್ಟಿಯನ್ನು ಅಲ್ಲಿಗೆ ಒಪ್ಪಿಸಬಹುದು. ನಮೂನೆಯನ್ನು ನಾನು ಸಿದ್ಧಪಡಿಸಿದ್ದೇನೆ. ಬೀಗ ಹಾಕಿದ ಮನೆಗೆ ‘ಬೀ’ ಎಂದೂ, ಮನೆಯವರು ಗೊತ್ತಿಲ್ಲವೆಂದರೆ ‘ಗೊ’ ಎಂದೂ, ನೆರೆಯವರು ಹೇಳಿದ್ದಾದರೆ ಹೆಸರನ್ನು ಕಂಸದೊಳಗೂ ಬರೆಯತಕ್ಕದ್ದು.